ಮಳೆಗಾಲ ಕಳೆದ ರೋಡ್‌ಕಿಂಗ್: ಆಯುಧಪೂಜೆಯೊಳಗೆ ರಸ್ತೆಗೆ

ಸೆಪ್ಟೆಂಬರ್ 14, ಭಾನುವಾರ

ಎರಡು ದಿನದಿಂದ ಮಳೆ ಹೊಳವಾಗಿದೆ. ತಿಂಡಿ ಮುಗಿಸಿದವನೇ ಕೊಟ್ಟಿಗೆ ಪಕ್ಕದ ಮಾಡಿನಡಿ ಹೋಗಿ ಅಪ್ಪಯ್ಯನ ಹಳೇ ಬೈಕು ಯೆಜ್ಡಿ ರೋಡ್‌ಕಿಂಗ್ ಮೇಲಿನ ಟಾರ್ಪಾಲು ಸರಿಸಿದೆ. ಜೂನ್ ಮೊದಲ ವಾರ ಮುಚ್ಚಿಟ್ಟದ್ದು. ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಒಳಗಿಟ್ಟ ಚಪ್ಪಲಿಗೂ ಬೂಷ್ಟು ಬರುತ್ತದೆ, ಗಾಡಿ ಬಿಡುತ್ತದೆಯೇ? ಸೀಟಿನ ತುಂಬ ಬೂದು ಬೂಷ್ಟು, ಹ್ಯಾಂಡಲ್ಲಿನ ಕ್ರೋಮ್ ಮೇಲೆ ರಾಗಿ ಕಾಳಿನಷ್ಟು ತುಕ್ಕಿನ ಚುಕ್ಕಿಗಳು. ಟಾರ್ಪಾಲು ಮೇಲಿನ ನೀರನ್ನೇನೋ ತಡೆಯಿತು, ನೆಲದಿಂದ ಏಳುವ ಥಂಡಿಯನ್ನು ಒಳಗೇ ಕಟ್ಟಿಹಾಕಿತು. ಹಳೇ ಹತ್ತಿ ಸೀರೆ ಹೊದಿಸಿದ್ದರೆ ಗಾಳಿಯಾಡುತ್ತಿತ್ತು.

ಹೊರಗೆ ತಂದ ಕೂಡಲೇ ಒಂದು ಕಿಕ್ ಹೊಡೆದು ನೋಡೋಣ ಅನ್ನಿಸುತ್ತದೆ. ದಯವಿಟ್ಟು ಹೊಡೆಯಬೇಡಿ. ಮೊದಲು ಟ್ಯಾಂಕಿನಲ್ಲಿ ಏನಿದೆ ನೋಡಿ. ನಾನು ಅರ್ಧ ಟ್ಯಾಂಕ್ ಪೆಟ್ರೋಲ್ ಬಿಟ್ಟೇ ನಿಲ್ಲಿಸಿದ್ದೆ, ಈ ವರ್ಷದ ದೊಡ್ಡ ತಪ್ಪು ಅದು. ಪೈಪ್ ಕಳಚಿ, ಟ್ಯಾಂಕಿನ ಕೆಳಗಿನ ಕಾಕ್ (ಪೆಟ್ರೋಲ್ ನಲ್ಲಿ) ತಿರುಗಿಸಿ, ಪ್ಲಾಸ್ಟಿಕ್ ಬಾಟಲಿಗೆ ಇಳಿಸಿದೆ. ಐದು ನಿಮಿಷ ಕಟ್ಟೆ ಮೇಲೆ ಇಟ್ಟಾಗ ಎರಡು ಪದರ ಸ್ಪಷ್ಟವಾಗಿ ಬೇರೆಯಾದವು. ಮೇಲೆ ಟೂಟಿ ಆಯಿಲಿನ (ಟೂ ಸ್ಟ್ರೋಕ್ ಎಂಜಿನ್ನಿಗೆಂದು ಪೆಟ್ರೋಲಿನಲ್ಲೇ ಬೆರೆಸುವ ಎಣ್ಣೆ) ಬಣ್ಣದ ಪೆಟ್ರೋಲ್, ತಳದಲ್ಲಿ ಎರಡು ಬೆರಳಷ್ಟು ಅಕ್ಕಿ ತೊಳೆದ ನೀರಿನಂಥ ಮಸುಕು ದ್ರವ.

ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದಾಗ ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಟೂ ಸ್ಟ್ರೋಕ್ ಗಾಡಿಗೆ ಇದು ಇನ್ನೂ ಅಪಾಯ, ಏಕೆಂದರೆ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಕಾರ್ಬುರೇಟರಿಗೆ ಮೊದಲು ಇಳಿಯುವುದು ತಳದ್ದು. ಅಕಸ್ಮಾತ್ ಸ್ಟಾರ್ಟ್ ಆಗಿಬಿಟ್ಟರೆ ಪಿಸ್ಟನ್ನಿಗೂ ಕ್ರ್ಯಾಂಕ್ ಬೇರಿಂಗಿಗೂ ಎಣ್ಣೆಯೇ ಇಲ್ಲ. ಎಂಜಿನ್ ಕಚ್ಚಿಕೊಂಡು ಸೀಜ್ ಆಗಲು ಮತ್ತೇನು ಬೇಕು?

ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟರೆ ತಳವೆಲ್ಲ ಕೆಂಪು. ವಿನೆಗರ್ ತುಂಬಿಸಿ, ಹಿಡಿ ನಟ್ಟು ಹಾಕಿ ಕುಲುಕಿ ಇಟ್ಟಿದ್ದೇನೆ.

ಸೆಪ್ಟೆಂಬರ್ 21, ಭಾನುವಾರ

ಟ್ಯಾಂಕನ್ನು ಮೊನ್ನೆಯೇ ಅಡುಗೆ ಸೋಡಾದ ನೀರಲ್ಲಿ ತೊಳೆದು, ಬಿಸಿಲಿಗಿಟ್ಟು, ಒಳಗೆ ಒಂದಿಷ್ಟು ಟೂಟಿ ಆಯಿಲ್ ಸವರಿದ್ದೆ. ಮತ್ತೆ ತುಕ್ಕು ಎದ್ದಿಲ್ಲ.

ಇವತ್ತು ಕಾರ್ಬುರೇಟರ್. ಫ್ಲೋಟ್ ಬಟ್ಟಲಲ್ಲಿ ಜೋನಿಬೆಲ್ಲದಂಥ ಅಂಟು. ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಪೈಲಟ್ ಜೆಟ್ ಪೂರ್ತಿ ಕಟ್ಟಿತ್ತು. ಹಿತ್ತಾಳೆಯ ಜೆಟ್ಟಿಗೆ ಸೂಜಿ ಹಾಕಿದರೆ ತೂತು ದೊಡ್ಡದಾಗಿ ಲೆಕ್ಕವೇ ತಪ್ಪುತ್ತದೆ. ಹಳೇ ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕು. ಆಚೆ ಬದಿಯಿಂದ ಆಕಾಶ ಚುಕ್ಕಿಯಾಗಿ ಕಾಣುವವರೆಗೆ ಬಿಡಿಸಿದೆ.

ಆಮೇಲೆ ಸೈಲೆನ್ಸರ್. ಎಡಗಡೆಯದರ ಬಾಯಲ್ಲಿ ಕುಂಬಾರ ಹುಳ ಗೂಡು ಕಟ್ಟಿತ್ತು. ಸದ್ದು ತಗ್ಗಿಸುವ ಒಳಕೊಳವೆ ಬ್ಯಾಫಲ್ ಎಳೆದಾಗ ಮಣ್ಣಿನ ಕೋಣೆ ಒಡೆದು, ಮರಿಗೆಂದು ಕೂಡಿಟ್ಟ ಏಳು ಹಸಿರು ಕಂಬಳಿಹುಳು ಉದುರಿದವು, ಎರಡು ಇನ್ನೂ ಮಿಸುಕುತ್ತಿದ್ದವು. ಮನಸ್ಸಿಗೆ ಬೇಜಾರಾಯಿತು. ಮುಂದಿನ ಜೂನ್‌ನಲ್ಲಿ ಎರಡೂ ಬಾಯಿಗೆ ಎಣ್ಣೆ ಬಟ್ಟೆ ತುರುಕುತ್ತೇನೆ, ಅದು ಬೇರೆ ಜಾಗ ನೋಡಿಕೊಳ್ಳಲಿ. ಬ್ಯಾಫಲ್‌ಗಳ ಮಸಿ ತೆಗೆಯಲು ಅಪ್ಪಯ್ಯನ ದಾರಿಯೇ ಸರಿ: ಬಚ್ಚಲೊಲೆಯ ಕೆಂಡದಲ್ಲಿ ಹೂತು, ತಣಿದ ಮೇಲೆ ಕಲ್ಲಿಗೆ ಬಡಿದರೆ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ.

ಬ್ರೇಕ್ ಡ್ರಮ್ಮಿನ ತುಕ್ಕಿಗೆ ಎಮರಿ ಕಾಗದ ಹಾಕಿದೆ. ಬ್ಯಾಟರಿ ಪೇಟೆಯಲ್ಲಿ ಚಾರ್ಜಿಗಿದೆ.

ಸೆಪ್ಟೆಂಬರ್ 28, ಭಾನುವಾರ

ಭಾವ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಪಾಯಿಂಟ್ (ತೆರೆದು ಮುಚ್ಚಿ ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್ಚು) ತಂದುಕೊಟ್ಟರು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಇಷ್ಟು ವರ್ಷದ ಮೇಲೂ ಸಾಮಾನು ಸಿಗುತ್ತಿರುವುದು ಈ ಗಾಡಿಗಳನ್ನು ಬಿಡದೆ ಓಡಿಸುತ್ತಿರುವ ಜನರಿಂದ. ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ತಗಡು) ಪಾಯಿಂಟಿನ ಗ್ಯಾಪ್ 0.4 ಮಿ.ಮೀ. ಕೂರಿಸಿದೆ.

ಪ್ಲಗ್ ತೆಗೆದು, ತೂತಿನೊಳಗೆ ಒಂದು ಚಮಚ ಟೂಟಿ ಬಿಟ್ಟೆ. ಗೇರ್ ಲಿವರನ್ನು ಒಳಕ್ಕೊತ್ತಿ ಮೇಲೆತ್ತಿದರೆ ಅದೇ ಕಿಕ್ಕರ್ ಆಗುವುದು ಈ ಗಾಡಿಯ ಚೆಂದ. ಕೈಯಲ್ಲೇ ಹತ್ತು ಸಲ ಮೆಲ್ಲಗೆ ಒತ್ತಿದೆ. ಪಿಸ್ಟನ್ ಎಲ್ಲೂ ಕಚ್ಚಲಿಲ್ಲ. ಹೊಸ ಪೆಟ್ರೋಲ್ ಮೂರು ಲೀಟರ್, ಲೀಟರಿಗೆ 40 ಮಿ.ಲೀ. ಲೆಕ್ಕದಲ್ಲಿ ಆಯಿಲ್. ಪ್ಲಗ್ ಹಾಕಿ ಆರು ಕಿಕ್ ಹೊಡೆದರೂ ಸದ್ದಿಲ್ಲ. ಏಳನೆಯದಕ್ಕೆ ಹಿಡಿಯಿತು. ಅಂಗಳದ ತುಂಬ ಬಿಳಿ ಹೊಗೆ, ಕೊಟ್ಟಿಗೆಯ ದನಗಳೆಲ್ಲ ಎದ್ದು ನಿಂತವು. ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಪ್ಪಯ್ಯ ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಕೇಳಿ, "ಐಡ್ಲಿಂಗ್ ಜಾಸ್ತಿ ಆತು, ಕಡಿಮೆ ಮಾಡು" ಅಂದರು. ಕಾಲು ತಿರುವು ಸ್ಕ್ರೂ ಬಿಚ್ಚಿದೆ. ಆ ಡುಗ್ ಡುಗ್ ಅವರಿಗೆ ಒಪ್ಪಿಗೆಯಾಯಿತು.

ತುಂಗಾ ಸೇತುವೆವರೆಗೆ ಹೋಗಿ ಬಂದೆ. ಮೊದಲು ಕ್ಲಚ್ ಪ್ಲೇಟ್ ಅಂಟಿಕೊಂಡು ಗೇರ್ ಹಾಕಿದರೆ ಗಾಡಿ ನೆಗೆಯುತ್ತಿತ್ತು, ಎಂಜಿನ್ ಬಿಸಿಯಾದ ಮೇಲೆ ತಾನೇ ಬಿಟ್ಟಿತು. ಮನೆಗೆ ಬಂದು ಪ್ಲಗ್ ತೆಗೆದು ನೋಡಿದೆ, ಬಿಸ್ಕತ್ತಿನ ಕಂದು ಬಣ್ಣ, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿದೆ. ಬುಧವಾರ ಆಯುಧಪೂಜೆ. ಅಷ್ಟರೊಳಗೆ ಹಾರ್ನ್ ಒಂದು ಆಗಬೇಕು.