ಸಡಿಲ ಬ್ಯಾಗಿಗೆ ರಿಂಗ್ ಯಾವಾಗ ಹಾಕಬೇಕು?

ಕಣ್ಣಿನ ಲೆನ್ಸ್ ಕೂತಿರುವ ತೆಳು ಚೀಲವೇ ಬ್ಯಾಗ್ (ಕ್ಯಾಪ್ಸೂಲ್); ಅದನ್ನು ಸುತ್ತಲೂ ಹಿಡಿದಿರುವ ಎಳೆಗಳು ಝೋನ್ಯೂಲ್. ಎಳೆ ಸಡಿಲವಾದಾಗ ಬ್ಯಾಗ್ ಹರಡಿ ನಿಲ್ಲಲು ಒಳಗೆ ಕೂರಿಸುವ ಬಳೆಯೇ ರಿಂಗ್. ಮಂಡ್ಯ ಕಡೆಯ ರೈತರನ್ನು ಪೊರೆ ಆಪರೇಷನ್ ಟೇಬಲ್ ಹತ್ತಿಸುವ ಮುಂಚೆ, ಆ ಕಣ್ಣಿಗೆ ಯಾವತ್ತಾದರೂ ಪೆಟ್ಟು ಬಿದ್ದಿತ್ತಾ ಅಂತ ಎರಡು ಸಲ ಕೇಳಿ. ಮೊದಲ ಸಲ ‘ಇಲ್ಲ’ ಅಂತಾರೆ. ಎರಡನೇ ಸಲಕ್ಕೆ, ‘ಎತ್ತು ಕೊಂಬು ಆಡಿಸ್ತು, ಆವಾಗ್ಲೇ ವಾಸಿಯಾಯ್ತು ಬುಡಿ’ ಅಂತ ಬಾಯಿಬಿಡ್ತಾರೆ. ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕುವ ಮೊದಲೇ ಸ್ಲಿಟ್ ಲ್ಯಾಂಪ್ ಸೂಕ್ಷ್ಮದರ್ಶಕದಲ್ಲಿ ಕಣ್ಣು ಅತ್ತಿತ್ತ ಆಡಿಸಿ ನೋಡಿ. ಐರಿಸ್ (ಪಾಪೆ ಸುತ್ತಲಿನ ಬಣ್ಣದ ಪರದೆ) ನಡುಗಿದರೆ ಝೋನ್ಯೂಲ್ ಮೇಲೆ ಅನುಮಾನ ಪಡಿ. ಪೆಟ್ಟಿನ ಕಣ್ಣಲ್ಲಿ ಒಂದು ಪಕ್ಕ ಮಾತ್ರ ಕಿತ್ತಿರುತ್ತದೆ. ಸ್ಯೂಡೋಎಕ್ಸ್‌ಫೋಲಿಯೇಷನ್ (ಕಣ್ಣೊಳಗೆ ಹೊಟ್ಟಿನಂಥ ಪುಡಿ ಕೂರುವ ಕಾಯಿಲೆ) ಇದ್ದರೆ ಸುತ್ತಲೂ ಸಡಿಲ, ವರ್ಷ ಕಳೆದಂತೆ ಇನ್ನೂ ಸಡಿಲ.

ರೆಕ್ಸಿಸ್ (ಕ್ಯಾಪ್ಸೂಲಿನ ಮುಂಭಾಗದಲ್ಲಿ ದುಂಡಗೆ ಕಿಂಡಿ ತೆಗೆಯುವುದು) ಶುರುಮಾಡುವಾಗ ಸೂಜಿ ಚುಚ್ಚಿದ ಕಡೆ ಕ್ಯಾಪ್ಸೂಲ್ ತೂತಾಗದೆ ನೆರಿಗೆ ಬಿದ್ದರೆ ಸಡಿಲ ಅನ್ನುವುದು ಖಾತ್ರಿಯಾಯಿತು. ಅಲ್ಲಿಗೇ ರಿಂಗಿಗೆ ಕೈಹಾಕುವುದು ಆತುರ. ನ್ಯೂಕ್ಲಿಯಸ್ (ಲೆನ್ಸಿನ ಗಟ್ಟಿ ತಿರುಳು) ತುಂಬಿದ ಬ್ಯಾಗಿಗೆ ರಿಂಗ್ ತೂರಿಸಿದರೆ ಉಳಿದ ಎಳೆಗಳೂ ಕಿತ್ತುಬರುತ್ತವೆ, ಕಾರ್ಟೆಕ್ಸ್ (ತಿರುಳಿನ ಸುತ್ತಲಿನ ಮೆತ್ತನೆ ಪದರ) ಅದರಡಿ ಸಿಕ್ಕಿಕೊಳ್ಳುತ್ತದೆ. ಅಲ್ಲಿವರೆಗೆ ರೆಕ್ಸಿಸ್ ಅಂಚಿಗೆ ಹುಕ್ ಹಾಕಿ ಹಿಡಿದಿಡಿ. ಐರಿಸ್ ಹುಕ್ಕಿನ ಕೊಕ್ಕೆ ಚಿಕ್ಕದು, ಜಾರುತ್ತದೆ, ಎಳೆದರೆ ಅಂಚು ಹರಿಯುತ್ತದೆ. ಕ್ಯಾಪ್ಸೂಲ್ ಹುಕ್ ಒಳಗೆ ಬ್ಯಾಗಿನ ಹೊರ ಅಂಚಿನ ತನಕ ಹೋಗಿ ಆನಿಸಿಕೊಳ್ಳುತ್ತದೆ. ಕಣ್ಣಿಗೆ ನೀರು ಹರಿಸುವ ಬಾಟಲಿ ಇಳಿಸಿ, ಹೀರುವ ವ್ಯಾಕ್ಯೂಮ್ ತಗ್ಗಿಸಿ. ಕಾರ್ಟೆಕ್ಸನ್ನು ನಡುವಿಗೆ ಎಳೆಯದೆ ಬ್ಯಾಗಿನ ಅಂಚಿನ ಗುಂಟ ಅಡ್ಡಡ್ಡ ಸುಲಿಯಿರಿ. ಫೇಕೋ ಪ್ರೋಬ್ (ಲೆನ್ಸ್ ಪುಡಿಮಾಡಿ ಹೀರುವ ಕಡ್ಡಿ) ಹೊರಗೆ ತೆಗೆಯುವ ಮುಂಚೆ ಸೈಡ್ ಪೋರ್ಟಿನಿಂದ (ಪಕ್ಕದ ಸಣ್ಣ ರಂಧ್ರ) ವಿಸ್ಕೋ ಜೆಲ್ ತುಂಬಿ. ಚೇಂಬರ್ (ಕಣ್ಣಿನ ಮುಂಭಾಗದ ಕೋಣೆ) ಒಮ್ಮೆ ಕುಸಿದರೆ ಸಾಕು, ವಿಟ್ರಿಯಸ್ (ಕಣ್ಣಿನ ಹಿಂಭಾಗದ ಲೋಳೆ) ಎಳೆ ಕಿತ್ತ ಸಂದಿಯಿಂದಲೇ ನುಗ್ಗುತ್ತದೆ.

ಬ್ಯಾಗ್ ಖಾಲಿಯಾದ ಮೇಲೆ, ವಿಸ್ಕೋ ತುಂಬಿ, ರಿಂಗಿನ ಮುಂತುದಿಯನ್ನು ಸಡಿಲ ಪಕ್ಕದತ್ತ ಬಿಡಿ. ಸಾಮಾನ್ಯ ಅಳತೆಯದು 12.3 ಮಿ.ಮೀ., ಒಳಗೆ 10ಕ್ಕೆ ಕುಗ್ಗುತ್ತದೆ. ದೊಡ್ಡ ಕಣ್ಣಿಗೆ 13 ಅಥವಾ 14.5. ತಳ್ಳುವಾಗ ಇಡೀ ಬ್ಯಾಗ್ ಜೊತೆಗೇ ಸರಿದರೆ ನಿಲ್ಲಿಸಿ. ರೆಕ್ಸಿಸ್ ಅಂಚು ಹರಿದಿದ್ದರೆ, ಬ್ಯಾಗಿನ ಹಿಂಭಾಗ ಒಡೆದಿದ್ದರೆ, ರಿಂಗ್ ಬೇಡವೇ ಬೇಡ: ಹರಿದದ್ದನ್ನು ಇನ್ನಷ್ಟು ಹರಿದು ವಿಟ್ರಿಯಸ್ಸಿಗೆ ಬೀಳುತ್ತದೆ. ಕ್ಯಾಂಪುಗಳಲ್ಲಿ ಕ್ಯಾನ್-ಓಪನರ್ (ಸುತ್ತಲೂ ಸೂಜಿ ಚುಚ್ಚಿ ಕ್ಯಾಪ್ಸೂಲ್ ತೆರೆಯುವುದು) ಮಾಡಿದ ಕಣ್ಣಿಗೂ ಇದೇ ಮಾತು.

ಸೊಳ್ಳೆ ಪರದೆಯ ದಾರ ಕಿತ್ತಾಗ ಒಳಗೊಂದು ಬಳೆ ಇಟ್ಟರೆ ಬಟ್ಟೆ ಹರಡಿ ನಿಲ್ಲುತ್ತದೆ, ಭಾರ ಉಳಿದ ದಾರಗಳಿಗೆ ಹಂಚಿಹೋಗುತ್ತದೆ, ಆದರೆ ಗೋಡೆಗೆ ಕಟ್ಟಿದಂತಾಗಲಿಲ್ಲ. ರಿಂಗಿನ ಕತೆಯೂ ಅಷ್ಟೇ. ಗಡಿಯಾರದ ಲೆಕ್ಕದಲ್ಲಿ ನಾಲ್ಕು ಗಂಟೆಯಷ್ಟು (ಸುತ್ತಿನ ಮೂರನೇ ಒಂದು ಪಾಲು) ಸಡಿಲಕ್ಕೆ ಬರಿಯ ರಿಂಗ್ ಸಾಕು. ಅದಕ್ಕೂ ಹೆಚ್ಚಾದರೆ ಸ್ಕ್ಲೀರಾಗೆ (ಕಣ್ಣಿನ ಬಿಳಿ ಗೋಡೆ) ಹೊಲಿಯುವ ಸಿಯೋನಿ ರಿಂಗ್ ಅಥವಾ ಅಹ್ಮದ್ ಸೆಗ್ಮೆಂಟ್ (ರಿಂಗಿನ ತುಂಡು) ಬೇಕು. ಸ್ಯೂಡೋಎಕ್ಸ್‌ಫೋಲಿಯೇಷನ್ ಕಣ್ಣಲ್ಲಿ ರಿಂಗ್ ಹಾಕಿದ್ದರೂ ವರ್ಷಗಳ ನಂತರ ಬ್ಯಾಗ್ ಸಮೇತ ಕೃತಕ ಲೆನ್ಸ್ ಜಾರಬಹುದು. ಆಗ ನೋಡುವ ಡಾಕ್ಟರು ಬೇರೆಯವರೇ ಇರುತ್ತಾರೆ, ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ರಿಂಗಿನ ಅಳತೆಯನ್ನೂ ಬರೆದು ಕೊಡಿ.