ಲಿವರ್ ಚಾರ್ಟ್: ಟಿಡಿಒ ಭಾಗ ಮುಗಿಯಿತು, ಸಿಆರ್‌ಪಿ ಶುರು

ಒತ್ತಡದ ಹಾರ್ಮೋನು ಕಾರ್ಟಿಸೋಲ್‌ನಿಂದ ಲಿವರ್‌ನ ಕಿಣ್ವ ಟಿಡಿಒವರೆಗಿನ ದಾರಿ ಬರೆದು ಮುಗಿಸಿದೆ. ಇಡೀ ಚಾರ್ಟ್‌ನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು, ಅದಕ್ಕೇ ನಡುಮಧ್ಯದ ಜಾಗವನ್ನೆಲ್ಲ ಇದಕ್ಕೆ ಬಿಟ್ಟುಕೊಟ್ಟಿದ್ದೇನೆ.

ಬಹುಕಾಲದ ಒತ್ತಡ ಖಿನ್ನತೆಗೆ ತಿರುಗಿದಾಗ ಲಿವರ್‌ನ ಪ್ರೋಟೀನ್‌ಗಳಲ್ಲಿ ಏನೇನು ಏರುಪೇರಾಗುತ್ತದೆ ಅನ್ನೋದು ಚಾರ್ಟ್‌ನ ವಿಷಯ. ಚಿಕ್ಕಮಗಳೂರಿನ ನಮ್ಮ ಪಿಯು ಕಾಲೇಜಿನ ಬಯಾಲಜಿ ಲ್ಯಾಬ್ ಗೋಡೆಗೆ ಹಾಕಲು ಮಾಡುತ್ತಿದ್ದೇನೆ. ನಮ್ಮ ಕಡೆ ಲಿವರ್ ಅಂದರೆ ಕುಡಿತದ ಮಾತು, ಖಿನ್ನತೆ ಅಂದರೆ 'ಮನಸ್ಸು ಗಟ್ಟಿ ಮಾಡ್ಕೊಳಪ್ಪ' ಅನ್ನೋ ಬುದ್ಧಿಮಾತು. ಆ ಬುದ್ಧಿಮಾತು ಕೇಳಿ ಕುಗ್ಗಿದ ಮಕ್ಕಳು ನನ್ನ ಕ್ಲಾಸಲ್ಲೇ ಇದ್ದಾರೆ.

ಒತ್ತಡದಲ್ಲಿ ಅಡ್ರಿನಲ್ ಗ್ರಂಥಿ ಸುರಿಸುವ ಕಾರ್ಟಿಸೋಲ್ ಲಿವರ್ ಕೋಶದ ಒಳಗಿರುವ ಗ್ರಾಹಕ (ರಿಸೆಪ್ಟರ್) ಪ್ರೋಟೀನನ್ನು ಹಿಡಿಯುತ್ತದೆ. ಎರಡೂ ಕೂಡಿ ನ್ಯೂಕ್ಲಿಯಸ್ ಹೊಕ್ಕು ಕೆಲವು ಜೀನ್‌ಗಳನ್ನು ಎಬ್ಬಿಸುತ್ತವೆ. ಅವುಗಳಲ್ಲೊಂದು ಟ್ರಿಪ್ಟೊಫ್ಯಾನ್ 2,3-ಡೈಆಕ್ಸಿಜನೇಸ್, ಅಂದರೆ ಟಿಡಿಒ ಕಿಣ್ವದ ಜೀನ್. ಈ ಕಿಣ್ವದಲ್ಲಿ ಒಂದೇ ಥರದ ನಾಲ್ಕು ಪ್ರೋಟೀನ್ ಸರಪಳಿ, ಒಂದೊಂದರಲ್ಲೂ ಕಬ್ಬಿಣವಿರುವ ಒಂದು ಹೀಮ್: ಕೆಂಪು ಸ್ಕೆಚ್ ಪೆನ್ನಲ್ಲಿ ನಾಲ್ಕು ಚುಕ್ಕಿ ಇಟ್ಟೆ. ಮಿದುಳಿನಲ್ಲಿ ಸಂದೇಶ ಸಾಗಿಸುವ ಸೆರೊಟೋನಿನ್ ಆಗಬಹುದಾದ ಅಮೈನೊ ಆಮ್ಲ ಟ್ರಿಪ್ಟೊಫ್ಯಾನ್ ಅನ್ನು ಇದು ಕೈನುರೆನಿನ್ ಅನ್ನೋ ಬೇರೆ ವಸ್ತುವಿನ ದಾರಿಗೆ ಹಚ್ಚುತ್ತದೆ. ಕೈನುರೆನಿನ್ ರಕ್ತದಿಂದ ಮಿದುಳಿಗೂ ದಾಟಬಲ್ಲದು.

ಬರೀ ಜೀನ್ ತೋರಿಸಿ ಮುಗಿಸಬಾರದು ಅಂತ ನಾನು ಹಟ ಹಿಡಿದದ್ದು 1965ರ ರಾಬರ್ಟ್ ಷಿಮ್ಕೆ ತಂಡದ ಕೆಲಸದಿಂದ. ಇಲಿಗಳಿಗೆ ಹೈಡ್ರೊಕಾರ್ಟಿಸೋನ್ ಕೊಟ್ಟಾಗ ಈ ಕಿಣ್ವದ ತಯಾರಿ ಹೆಚ್ಚಾಯಿತು. ಟ್ರಿಪ್ಟೊಫ್ಯಾನ್ ಕೊಟ್ಟಾಗಲೂ ಕಿಣ್ವ ಏರಿತು, ಆದರೆ ಅದು ಒಡೆದುಹೋಗುವುದು ನಿಧಾನವಾದ್ದರಿಂದ. ತೋಟದ ನೀರಿನ ಟ್ಯಾಂಕ್ ತುಂಬೋದು ಮೋಟರ್ ಜೋರಾಗಿ ಓಡಿದರೂ ಸರಿ, ಕೆಳಗಿನ ವಾಲ್ವ್ ಮುಚ್ಚಿದರೂ ಸರಿ. ಹಾಗಾಗಿ ಪ್ರತಿ ಪ್ರೋಟೀನ್‌ಗೂ ಎರಡು ಬಾಣ: ಒಂದು ಒಳಕ್ಕೆ (ತಯಾರಿ), ಒಂದು ಹೊರಕ್ಕೆ (ಒಡೆದುಹೋಗುವುದು). ಟಿಡಿಒಗೆ ಹೊರಬಾಣ ದಪ್ಪ, ಯಾಕಂದರೆ ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಒಡೆದುಹೋಗಲು ಹಿಡಿಯುವ ಸಮಯ, ಕೆಲವೇ ಗಂಟೆ.

ಬಣ್ಣದ ವಿಷಯದಲ್ಲಿ ಕಟ್ಟುನಿಟ್ಟು. ಇಲಿಗಳಲ್ಲಿ ಕಂಡದ್ದು ಕಂದು, ಮನುಷ್ಯರಲ್ಲಿ ಕಂಡದ್ದು ನೀಲಿ. ಒದ್ದೆ ಹಾಸು, ಓರೆ ಮಾಡಿಟ್ಟ ಪಂಜರ, ರಾತ್ರಿಯಿಡೀ ಬೆಳಕು, ಹೀಗೆ ವಾರಗಟ್ಟಲೆ ಕಾಡಿಸಿದ ಇಲಿ ಸಕ್ಕರೆ ನೀರಿನ ಆಸೆ ಕಳೆದುಕೊಳ್ಳುತ್ತದೆ, ಇದನ್ನು ಖಿನ್ನತೆಯಂಥ ಲಕ್ಷಣ ಅಂತ ಎಣಿಸುತ್ತಾರೆ. ಆಮೇಲೆ ಅದರ ಲಿವರ್ ಪ್ರೋಟೀನ್‌ಗಳನ್ನು ಟ್ರಿಪ್ಸಿನ್ ಕಿಣ್ವದಿಂದ ತುಂಡರಿಸಿ, ತುಂಡುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಸಾವಿರಾರನ್ನು ಒಟ್ಟಿಗೆ ಅಳೆಯುತ್ತಾರೆ. ಬೆಲೆಬಾಳುವ ಮಾಹಿತಿಯೇ, ಆದರೆ ಇಲಿಯ ಮುಖ್ಯ ಹಾರ್ಮೋನು ಕಾರ್ಟಿಸೋಲ್ ಅಲ್ಲ, ಕಾರ್ಟಿಕೊಸ್ಟೆರೋನ್. ಮಕ್ಕಳಿಗೆ ಈ ವ್ಯತ್ಯಾಸ ದೂರದಿಂದಲೇ ಕಾಣಬೇಕು.

ಈಗ ಕೈಗೆತ್ತಿಕೊಂಡದ್ದು ಸಿಆರ್‌ಪಿ, ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್, ನೀಲಿ ಬಣ್ಣದಲ್ಲಿ. ಉರಿಯೂತದ ಸಂದೇಶ ಐಎಲ್-6 ಬಂದರೆ ಲಿವರ್ ಇದನ್ನು ರಕ್ತಕ್ಕೆ ಬಿಡುತ್ತದೆ. ಖಿನ್ನತೆ ಇರುವವರಲ್ಲಿ ಸರಾಸರಿಯಲ್ಲಿ ಇದು ತುಸು ಹೆಚ್ಚು, ಎಲ್ಲರಲ್ಲೂ ಅಲ್ಲ. ಸೋಂಕು ಬಂದರೂ ಏರುತ್ತದೆ, ಬೊಜ್ಜಿದ್ದರೂ ಏರುತ್ತದೆ. ಆದ್ದರಿಂದ 'ಖಿನ್ನತೆ ಪತ್ತೆಗೆ ಇದು ಪರೀಕ್ಷೆಯಲ್ಲ' ಅಂತ ಪಕ್ಕದಲ್ಲೇ ದೊಡ್ಡಕ್ಷರದಲ್ಲಿ ಬರೆದೆ. ಸಿಆರ್‌ಪಿಯ ಅರ್ಧಾಯುಷ್ಯ ಸುಮಾರು 19 ಗಂಟೆ, ಚಾರ್ಟ್‌ನಲ್ಲಿ ಅದರ ನೆರೆಯಲ್ಲಿರುವ ಆಲ್ಬುಮಿನ್ ಪ್ರೋಟೀನ್‌ದು ಮೂರು ವಾರದ ಹತ್ತಿರ. ಬಾಣಗಳ ದಪ್ಪ ಅದಕ್ಕೆ ತಕ್ಕಂತೆ ಹೊಂದಿಸಬೇಕು.

ಬಲಗಡೆಯ ಕೆಳಮೂಲೆ ಇನ್ನೂ ಖಾಲಿ. ಅದು ಸಿವೈಪಿ2ಡಿ6, ಸಿವೈಪಿ2ಸಿ19 ಕಿಣ್ವಗಳಿಗೆ. ಖಿನ್ನತೆಯ ಎಷ್ಟೋ ಮಾತ್ರೆಗಳನ್ನು ಲಿವರ್ ಒಡೆಯೋದು ಇವುಗಳಿಂದಲೇ, ಮುಂದಿನ ಭಾನುವಾರ ಅಲ್ಲಿಂದ ಶುರು ಮಾಡುತ್ತೇನೆ.