ಬಳ್ಳಾರಿಯಿಂದ ಹೋದ ಅರ್ಜಿಯನ್ನು ಬೆಂಗಳೂರಿನವರು ನೋಡ್ತಾರಾ?

ಕಾನೂನು ಓದುವವರಲ್ಲಿ ವಾರಕ್ಕೊಬ್ಬರಾದರೂ ಇದನ್ನು ಕೇಳುತ್ತಾರೆ. ಕೋರ್ಟಿನ ಕಾರಿಡಾರಿನಲ್ಲಿ ಕೇಳುತ್ತಾರೆ, ವಾಟ್ಸಾಪಿನಲ್ಲಿ ಕೇಳುತ್ತಾರೆ. ಮೊನ್ನೆ ಸಿರುಗುಪ್ಪದಲ್ಲಿ ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯ ಹುಡುಗನೂ ಇದನ್ನೇ ಕೇಳಿದ. "ಮೇಡಂ, ನಮ್ಮ ಕಡೆ ಲಾ ಫರ್ಮ್ ಅಂತ ಯಾವುದೂ ಇಲ್ಲ. ಬೆಂಗಳೂರಿಗೆ ಇಂಟರ್ನ್‌ಶಿಪ್ ಅರ್ಜಿ ಹಾಕಿದರೆ ಉತ್ತರಾನೇ ಬರಲ್ಲ. ಬಳ್ಳಾರಿ ಅಂದ ಕೂಡಲೇ ಪಕ್ಕಕ್ಕಿಡ್ತಾರೇನ್ರಿ?"

ನಾನು ಬಳ್ಳಾರಿಗೆ ವಾಪಸ್ ಬಂದು ವಕೀಲಿ ಆಫೀಸು ಮಾಡುವ ಮೊದಲು ಬೆಂಗಳೂರಿನ ಒಂದು ಕಚೇರಿಯಲ್ಲಿ 4 ವರ್ಷ ಇದ್ದೆ. ಇಂಟರ್ನ್‌ಶಿಪ್ ಕೇಳಿ ಬರುವ ಮೇಲ್‌ಗಳನ್ನು ಮೊದಲು ತೆರೆಯುವ ಕೆಲಸ ನನ್ನದೇ ಆಗಿತ್ತು. ಊರಿನ ಹೆಸರು ನೋಡಿ ನಾನು ಯಾರ ಅರ್ಜಿಯನ್ನೂ ಪಕ್ಕಕ್ಕಿಟ್ಟಿಲ್ಲ. ಆದರೆ ನಮ್ಮ ಕಡೆಯಿಂದ ಬಂದ ಅರ್ಜಿಗಳಲ್ಲಿ ಊರೇ ಕಾಣುತ್ತಿರಲಿಲ್ಲ. ಎಲ್ಲರೂ ಒಂದೇ ಸಾಲು ಬರೆದಿರುತ್ತಿದ್ದರು: ಕಾರ್ಪೊರೇಟ್ ಕಾನೂನಿನಲ್ಲಿ ಅಪಾರ ಆಸಕ್ತಿ ಇದೆ, ಶ್ರಮಜೀವಿ, ಬೇಗ ಕಲಿಯುತ್ತೇನೆ. ಇದು ಬೀದರಿನವರು ಬರೆದರೂ ಒಂದೇ, ಮಂಡ್ಯದವರು ಬರೆದರೂ ಒಂದೇ. ಕೆಲವರಂತೂ ಬೇರೆ ಫರ್ಮಿಗೆ ಬರೆದ ಪತ್ರವನ್ನೇ ಹೆಸರು ಕೂಡ ತಿದ್ದದೆ ಕಳಿಸಿರುತ್ತಿದ್ದರು. ಅಂಥದ್ದನ್ನು ಯಾರು ತಾನೇ ಪೂರ್ತಿ ಓದುತ್ತಾರೆ?

ನಮ್ಮ ಹುಡುಗರಿಗೆ ಏನು ಗೊತ್ತಿದೆ ಅನ್ನುವುದು ಅವರಿಗೇ ಗೊತ್ತಿಲ್ಲ. ನನಗೆ ಸಂಕಟ ಆಗುವುದು ಅಲ್ಲೇ.

ಪಹಣಿಯನ್ನೇ ತೆಗೆದುಕೊಳ್ಳಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಬ್ಯಾಂಕಿನ ಸಾಲ ಕೂತಿದೆಯಾ, 12ರಲ್ಲಿ ಸಾಗುವಳಿ ಯಾರದ್ದು ಅಂತ ರೈತರ ಮನೆಯ ಮಕ್ಕಳು ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ನೋಡಿರುತ್ತಾರೆ. ಕೊಪ್ಪಳದ ಕಡೆ ಹೋದರೆ ಹೊಲಗಳ ನಡುವೆ ಗಾಳಿಯಂತ್ರಗಳು ಕಾಣುತ್ತವಲ್ವಾ? ಅಂಥ ಒಂದು ಯೋಜನೆಗೆ ಜಮೀನು ಕೊಳ್ಳಬೇಕು ಅಥವಾ ಲೀಸಿಗೆ ಹಿಡಿಯಬೇಕು ಅಂದರೆ ಯಾರೋ ಕೂತು ಒಂದೊಂದು ಸರ್ವೆ ನಂಬರಿನ ಮೂಲವನ್ನೂ ಹುಡುಕಬೇಕು. ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ, ಸರಿಯಾಗಿ ಆಗಿದೆಯಾ, ಅಣ್ಣತಮ್ಮಂದಿರ ಪಾಲು ಆಗಿದೆಯಾ, ಹೆಣ್ಣುಮಕ್ಕಳ ಸಹಿ ಇದೆಯಾ ಅಂತ ನೋಡಬೇಕು. ಫರ್ಮುಗಳಲ್ಲಿ ಇದಕ್ಕೆ ಟೈಟಲ್ ಡ್ಯೂ ಡಿಲಿಜೆನ್ಸ್ ಅಂತಾರೆ. ನಮ್ಮ ಆಫೀಸುಗಳಲ್ಲಿ ಕಾಗದ ನೋಡುವುದು ಅಂತೀವಿ. ಕೆಲಸ ಒಂದೇ.

ಇದರಲ್ಲಿ ನಮ್ಮ ಸೀಮೆಯ ಸಿಕ್ಕು ಬೇರೆ. ಬಳ್ಳಾರಿ 1953ರ ತನಕ ಮದ್ರಾಸಿಗೆ ಸೇರಿತ್ತು. ರಾಯಚೂರು, ಕೊಪ್ಪಳ 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದವು. ಹಾಗಾಗಿ ಅತ್ತ ಅಜ್ಜನ ಕಾಲದ ಕಾಗದ ಬಿಚ್ಚಿದರೆ ಉರ್ದು ಸಿಗುತ್ತದೆ, ಇತ್ತ ಬಿಚ್ಚಿದರೆ ತೆಲುಗೋ ಇಂಗ್ಲಿಷೋ ಸಿಗುತ್ತದೆ. ಮನೆಯಲ್ಲಿ ತೆಲುಗು, ಓಣಿಯಲ್ಲಿ ಉರ್ದು, ಸ್ಕೂಲಿನಲ್ಲಿ ಕನ್ನಡ ಅಂತ ಬೆಳೆದ ಹುಡುಗಿ ಅರ್ಜಿಯಲ್ಲಿ 'ಭಾಷೆಗಳು' ಅನ್ನುವ ಕಡೆ ಇಂಗ್ಲಿಷ್ ಮಾತ್ರ ಬರೆದಿದ್ದಳು. ಯಾಕಮ್ಮಾ ಅಂದರೆ, "ಕನ್ನಡ ಮೀಡಿಯಂ ಅಂತ ಗೊತ್ತಾಗ್ತದೆ ಮೇಡಂ" ಅಂದಳು. ಗೊತ್ತಾಗಲಿ. ಅದನ್ನೇ ಮೊದಲು ಬರಿ ಅಂದೆ.

ಇನ್ನು ನಿಯಮದ ಮಾತು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದ ಪ್ರಕಾರ 3 ವರ್ಷದ ಕೋರ್ಸಿನವರು ಒಟ್ಟು 12 ವಾರ, 5 ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಒಂದು ವರ್ಷದಲ್ಲಿ ಸತತವಾಗಿ 4 ವಾರಕ್ಕಿಂತ ಜಾಸ್ತಿ ಮಾಡುವಂತಿಲ್ಲ. ಓದು ಮುಗಿಯುವುದರೊಳಗೆ ಒಮ್ಮೆಯಾದರೂ ವಿಚಾರಣಾ ಕೋರ್ಟಿನ ವಕೀಲರ ಹತ್ತಿರ, ಒಮ್ಮೆಯಾದರೂ ಮೇಲ್ಮನವಿ ನಡೆಸುವ ವಕೀಲರ ಹತ್ತಿರ ಇರಬೇಕು. ಅಂದರೆ ಬೆಂಗಳೂರಿನ ಫರ್ಮು ಸಿಕ್ಕರೂ ಜಿಲ್ಲಾ ಕೋರ್ಟು ತಪ್ಪುವುದಿಲ್ಲ. ಮೊದಲ 4 ವಾರ ಇಲ್ಲೇ ಮಾಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಆಮೇಲೆ ಹೈಕೋರ್ಟು. ಬಳ್ಳಾರಿ, ಕೊಪ್ಪಳದ ಕೇಸುಗಳು ಧಾರವಾಡ ಪೀಠಕ್ಕೆ ಹೋಗುತ್ತವೆ, ರಾಯಚೂರಿನವು ಕಲಬುರಗಿ ಪೀಠಕ್ಕೆ. ಇಲ್ಲಿ ಸಾಕ್ಷಿ ವಿಚಾರಣೆ ನೋಡಿದ ಕೇಸಿನ ಅಪೀಲು ಅಲ್ಲಿ ನಡೆಯುವುದನ್ನು ನೋಡುವ ಅದೃಷ್ಟ ಸಿಕ್ಕರೆ ಬಿಡಬೇಡಿ. ಹಾಗೆ ಕಲಿತದ್ದು ಕ್ಲಾಸಿನಲ್ಲಿ ಕೂತರೆ ಬರುವುದಿಲ್ಲ. ಫರ್ಮು ಇವೆರಡರ ಮೇಲೆ ಬರಲಿ.

ಒಂದು ಎಚ್ಚರಿಕೆ. ಪರೀಕ್ಷೆ ಮುಗಿಯಿತು ಅಂತ ಮೇ ತಿಂಗಳಲ್ಲಿ ಸಿವಿಲ್ ಆಫೀಸಿಗೆ ಬರಬೇಡಿ. ಆಗ ಹೈಕೋರ್ಟಿಗೂ ಸಿವಿಲ್ ಕೋರ್ಟುಗಳಿಗೂ ಬೇಸಿಗೆ ರಜೆ. ಸುಮ್ನೆ ಫ್ಯಾನಿನ ಕೆಳಗೆ ಕೂತು ಹೋಗುತ್ತೀರಿ.

ಹಾಗೆ ಕೂತು ಹೋಗುವುದರ ಬೆಲೆ ನನಗೆ ಗೊತ್ತಿದೆ. ನಾನು ಓದುವಾಗ ಒಬ್ಬ ಸೀನಿಯರ್ ಮೊದಲ ದಿನವೇ ಸರ್ಟಿಫಿಕೇಟಿಗೆ ಸಹಿ ಹಾಕಿ ಕೊಟ್ಟು, "ಓದಿಕೋ ಹೋಗಮ್ಮ, ದಿನಾ ಬರೋದು ಬೇಡ" ಅಂದರು. ಅವರು ಒಳ್ಳೆಯದೇ ಮಾಡಿದರು ಅಂತ ಆಗ ಅನ್ನಿಸಿತ್ತು. ಮುಂದಿನ ವರ್ಷ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಕೂತು ಬೆಂಗಳೂರಿಗೆ ಸಂದರ್ಶನಕ್ಕೆ ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ 4 ವಾರದಲ್ಲಿ ನೀವು ಕೈಯಾರೆ ಮಾಡಿದ ಒಂದು ಕೆಲಸ ಹೇಳಿ." ನನ್ನ ಹತ್ತಿರ ಸರ್ಟಿಫಿಕೇಟು ಇತ್ತು, ಉತ್ತರ ಇರಲಿಲ್ಲ. ವಾಪಸ್ ಬರುವಾಗ ಗುಂತಕಲ್ ದಾಟುವ ತನಕ ಅತ್ತಿದ್ದೆ. ಆಮೇಲೆ ಇನ್ನೊಂದು ಆಫೀಸಿಗೆ ಹೋಗಿ ನೆಲದಿಂದ ಶುರು ಮಾಡಿದೆ. ಇವತ್ತು ನನ್ನ ಹತ್ತಿರ ಯಾರಾದರೂ ಬರೀ ಸಹಿ ಕೇಳಿ ಬಂದರೆ ಕೊಡುವುದಿಲ್ಲ. ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ, ಆದರೂ ಕೊಡುವುದಿಲ್ಲ.

ಕೈಯಾರೆ ಮಾಡಿದ ಕೆಲಸ ಅಂದರೆ ದೊಡ್ಡದೇ ಆಗಬೇಕಿಲ್ಲ. ಹೋದ ಸಲ ಕುರುಗೋಡಿನ ಒಬ್ಬ ವಿದ್ಯಾರ್ಥಿನಿ ಇದ್ದಳು. ಸಿರುಗುಪ್ಪದ ಭತ್ತದ ವ್ಯಾಪಾರಿಯೊಬ್ಬರ ಚೆಕ್ ಬೌನ್ಸ್ ಫೈಲ್ ಕೊಟ್ಟು, ತಾರೀಕುಗಳನ್ನು ಒಂದು ಹಾಳೆಯಲ್ಲಿ ಬರಿ ಅಂದಿದ್ದೆ. ಚೆಕ್ ಬೌನ್ಸ್ ಕೇಸು ನಡೆಯುವುದು ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಲ್ಲಿ, ಅಲ್ಲಿ ತಾರೀಕೇ ಜೀವ. ಚೆಕ್ ವಾಪಸ್ ಆದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಎದುರಿನವರಿಗೆ 15 ದಿನ ಇರುತ್ತದೆ. ಅದು ಮುಗಿದು ಒಂದು ತಿಂಗಳೊಳಗೆ ದೂರು ಹಾಕಬೇಕು. ಅವಳು ಸ್ಕೇಲ್ ಇಟ್ಟು ಗೆರೆ ಹಾಕಿ, ಚೆಕ್ ವಾಪಸ್ ಆದ ತಾರೀಕಿದ್ದ ಬ್ಯಾಂಕಿನ ಮೆಮೊವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು. ಸೀಲಿನ ಮಸಿ ಹರಡಿ 1 ಅನ್ನುವುದು 7ರ ಹಾಗೆ ಕಾಣುತ್ತಿತ್ತು. "ಮೇಡಂ, ಇದು 17 ಅಲ್ಲ, 11. ಇವತ್ತೇ ಕಡೇ ದಿನ" ಅಂದಳು. ಆಗ ಮಧ್ಯಾಹ್ನ 3 ಗಂಟೆ. ನೋಟಿಸ್ ಟೈಪ್ ಮಾಡಿಸಿ, ಪೋಸ್ಟ್ ಆಫೀಸಿಗೆ ಓಡಿ, ಕೌಂಟರ್ ಮುಚ್ಚುವ ಮೊದಲು ರಿಜಿಸ್ಟರ್ ಮಾಡಿಸಿದ ರಸೀದಿಯನ್ನು ಅವಳೇ ಫೈಲಿಗೆ ಅಂಟಿಸಿದಳು.

ಅವಳ ಮುಂದಿನ ಅರ್ಜಿಯನ್ನು ನಾವಿಬ್ಬರೂ ಕೂತು ತಿದ್ದಿದೆವು. ಆಸಕ್ತಿ, ಶ್ರಮ ಎಲ್ಲ ತೆಗೆದೆವು. ಉಳಿದದ್ದು ಇಷ್ಟು: ಇಂಥ ಕೋರ್ಸು, ಇಂಥ ವರ್ಷ, ಈ ತಾರೀಕಿನಿಂದ ಆ ತಾರೀಕಿನ ತನಕ ಬರಬಲ್ಲೆ. ಬಳ್ಳಾರಿ ಜಿಲ್ಲಾ ಕೋರ್ಟಿನಲ್ಲಿ 4 ವಾರ ಇದ್ದೆ. ಚೆಕ್ ಕೇಸುಗಳಲ್ಲಿ ತಾರೀಕಿನ ಪಟ್ಟಿ ಮಾಡಿದ್ದೇನೆ, ಒಮ್ಮೆ ಅವಧಿ ಮೀರುವ ದಿನವೇ ಅದನ್ನು ಗುರುತಿಸಿದ್ದೇನೆ. ಪಹಣಿ, ಮ್ಯುಟೇಶನ್ ಓದಬಲ್ಲೆ. ಕನ್ನಡ, ತೆಲುಗು ಓದಿ ಬರೆಯಬಲ್ಲೆ. ನಿಮ್ಮ ಜಮೀನು ವಿಭಾಗದಲ್ಲಿ ಕೆಲಸ ಮಾಡಬೇಕು ಅಂತ ಇದೆ. ಒಂದು ಪುಟದ ಬಯೋಡೇಟಾ ಜೊತೆಗಿತ್ತು. ಎಲ್ಲ ಸರಳ ಇಂಗ್ಲಿಷಿನಲ್ಲಿ. 20 ಕಡೆ ಒಂದೇ ಪತ್ರ ಕಳಿಸುವ ಬದಲು 6 ಕಡೆ ಬೇರೆ ಬೇರೆಯಾಗಿ ಬರೆದಳು, ಅದೂ 3 ತಿಂಗಳು ಮೊದಲೇ. ದೊಡ್ಡ ಫರ್ಮುಗಳಿಗಾದರೆ ಇನ್ನೂ ಮುಂಚೆ ಹಾಕಬೇಕು. 2 ಕಡೆಯಿಂದ ಉತ್ತರ ಬಂತು. ಒಂದು ಕಡೆ ಫೋನಿನಲ್ಲಿ ಆ 11, 17ರ ವಿಷಯವನ್ನೇ ಬಿಡದೆ ಕೇಳಿದರಂತೆ.

ಊರಿನ ಆಫೀಸಿಗೆ ಮೇಲ್ ಬೇಡ. ಸಂಜೆ ಸೀನಿಯರ್ ಕೋರ್ಟಿನಿಂದ ಬಂದು ಚಹಾ ಕುಡಿದ ಮೇಲೆ ಹೋಗಿ. ಗುಮಾಸ್ತರಿಗೆ ಮೊದಲು ನಮಸ್ಕಾರ ಹೇಳಿ. ಕೋರ್ಟಿನ ಒಳಗಿನ ದಾರಿ ಅವರಷ್ಟು ಗೊತ್ತಿರುವವರು ಇನ್ನೊಬ್ಬರಿಲ್ಲ. ಯಾರ ಪರಿಚಯವೂ ಇಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಕೇಳಬಹುದು. ಲೋಕ ಅದಾಲತ್, ಉಚಿತ ಕಾನೂನು ನೆರವು ಎಲ್ಲ ಅಲ್ಲೇ ನಡೆಯುತ್ತದೆ.

ಹಣದ ವಿಷಯವನ್ನು ಕೇಳಲು ಎಲ್ಲರೂ ಹಿಂಜರಿಯುತ್ತಾರೆ, ಅದಕ್ಕೆ ನಾನೇ ಹೇಳುತ್ತೇನೆ. ಇಂಟರ್ನ್‌ಶಿಪ್ ಕೊಡಿಸುತ್ತೇನೆ ಅಂತ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಡಿಗ್ರಿ ಮುಗಿಸಿ ಜೂನಿಯರ್ ಆಗಿ ಸೇರುವವರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಅದು ಸಲಹೆ ಮಾತ್ರ. ಆದರೂ ಸೇರುವ ದಿನವೇ ಎಷ್ಟು ಕೊಡುತ್ತೀರಿ ಅಂತ ಮರ್ಯಾದೆಯಿಂದ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ಆಫೀಸು ನಿಮಗೆ ಬೇಡ. ವಕೀಲಿ ಮಾಡಲು ಬೇಕಾದ ಸನ್ನದು ಪಡೆಯುವ ಖರ್ಚಿಗೆ ಹೆದರಿದ್ದವರಿಗೂ ಒಂದು ಸಮಾಧಾನ ಇದೆ. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ ಮೀರಬಾರದು ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಪರಿಶಿಷ್ಟ ಜಾತಿಯ ಹೊಸ ವಕೀಲರ ತರಬೇತಿಗೆ ಸಮಾಜ ಕಲ್ಯಾಣ ಇಲಾಖೆ ಶಿಷ್ಯವೇತನವನ್ನೂ ಕೊಡುತ್ತದೆ. ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ನನ್ನ ಆಫೀಸಿಗೆ ಬರುವವರು ಬಿಳಿ ಅಂಗಿ, ಕರಿ ಕೋಟು, ಕರಿ ಟೈ, ಒಂದು ಉದ್ದ ನೋಟ್‌ಬುಕ್, ಒಂದು ಸ್ಕೇಲು ತನ್ನಿ. ಕೋಟಿಗೆ ಹಣ ಹೊಂದಿಸಲು ಆಗದಿದ್ದರೆ ಹೇಳಿ, ಆಫೀಸಿನಲ್ಲಿ ಎರಡು ಕೋಟು ಅದಕ್ಕೇ ಇಟ್ಟಿದ್ದೇನೆ.